ಕಾಯಂ ಮಾಫಿ ಕೊಡದ ಪವಿತ್ರಾ

ಬೆಳಗಿನ ಆರು ಗಂಟೆ. ಬಾಳಗಡಿಯಲ್ಲಿ ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿಲ್ಲ. ಶೃಂಗೇರಿಯ ಬಸ್ಸು ಎರಡು ಹಳದಿ ಕಣ್ಣಾಗಿ ಬಂದು, ಬರೀ ಸದ್ದಾಗಿ ಉಳಿದು, ಆಮೇಲೆ ಅದೂ ಇಲ್ಲವಾಗುತ್ತದೆ. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಪವಿತ್ರಾ ಸ್ವೆಟರಿನ ತೋಳನ್ನು ಬೆರಳಿನವರೆಗೆ ಎಳೆದುಕೊಂಡು, ಪರದೆಯ ಮೇಲೆ ಇಳಿಯುವ ಹೆಸರುಗಳ ಪಟ್ಟಿಯನ್ನು ತುಟಿ ಅಲುಗಿಸುತ್ತ ಓದುತ್ತಿದ್ದಾರೆ. ಒಂದು ಸಾಲು ಕೆಂಪಾಗಿದೆ.

"ಇದು ನಿನ್ನೆ ಇರ್ಲಿಲ್ಲ" ಎನ್ನುತ್ತಾರೆ, ಬಾಗಿಲಲ್ಲಿ ಅಪರಿಚಿತ ಚಪ್ಪಲಿ ಕಂಡವರ ಹಾಗೆ.

ಐದು ಜನರ ಈ ಪುಟ್ಟ ಕಚೇರಿ ಶೃಂಗೇರಿಯ ಹನ್ನೊಂದು ಲಾಡ್ಜುಗಳಿಗೆ ಕೋಣೆ ಕಾದಿರಿಸುವ ತಂತ್ರಾಂಶ ಮಾಡಿಕೊಟ್ಟಿದೆ. ಇಂದು ಎಂಟು ಗಂಟೆಗೆ ಅದರ ಹೊಸ ಆವೃತ್ತಿ ಹೊರಡಬೇಕು. ಗುರುತಿನ ಚೀಟಿಯ ಫೋಟೊ ತೆಗೆದರೆ ಸಾಕು, ಯಾತ್ರಿಕರ ಹೆಸರು, ವಿಳಾಸ ತಾನಾಗಿಯೇ ತುಂಬಿಕೊಳ್ಳುತ್ತದೆ. ಹೊರಡಿಸಬಹುದೋ ಬಾರದೋ ಎಂದು ಹೇಳುವವರು ಪವಿತ್ರಾ.

ಯಾವ ತಂತ್ರಾಂಶವನ್ನೂ ಯಾರೂ ಬುಡದಿಂದ ಬರೆಯುವುದಿಲ್ಲವಂತೆ. ದಿನಾಂಕ ತೋರಿಸಲು ಒಂದು, ಫೋಟೊ ಓದಲು ಒಂದು ಎಂದು ಎಲ್ಲೆಲ್ಲಿಯವರೋ ಬರೆದಿಟ್ಟ ತುಣುಕುಗಳನ್ನು ತಂದು ಜೋಡಿಸುತ್ತಾರೆ. ಅವೇ ಪ್ಯಾಕೇಜುಗಳು. ಯಾವುದರಲ್ಲಿ ಕಳ್ಳ ನುಸುಳುವ ಬಿರುಕಿದೆ ಎಂಬುದು ಗೊತ್ತಾದಂತೆಲ್ಲ ಅದನ್ನು ಜಗತ್ತಿನ ಸಾರ್ವಜನಿಕ ಪಟ್ಟಿಗಳಲ್ಲಿ ಬರೆಯುತ್ತ ಹೋಗುತ್ತಾರೆ. ನಾವು ಮಲಗಿರುವಾಗ ಇನ್ನೊಂದು ದೇಶದಲ್ಲಿ ಹಗಲು. ಹಾಗಾಗಿ ಪವಿತ್ರಾ ಬೆಳಗಾಗುತ್ತಲೇ ಬಂದು ತಮ್ಮ ಪ್ಯಾಕೇಜುಗಳ ಪಟ್ಟಿಯನ್ನು ಆ ಪಟ್ಟಿಗಳಿಗೆ ತಾಳೆ ನೋಡುತ್ತಾರೆ.

"ನಾವಾಗಿ ಕರ್ದದ್ದು ನಲ್ವತ್ಮೂರು. ಅವು ಅವುಗಳ ನೆಂಟ್ರನ್ನೆಲ್ಲ ಕರ್ಕಂಡು ಬಂದಿದಾವೆ. ಎಲೆ ಹಾಕಿ ಎಣಿಸಿದ್ರೆ ಸಾವಿರದ ನೂರ ಹದಿನಾರು." ದಿನಕ್ಕೆ ಮೂವತ್ತರಷ್ಟು ಎಚ್ಚರಿಕೆ ಬರುತ್ತವೆ. ನಿಜಕ್ಕೂ ತಾಗುವಂಥವು ಎರಡೋ ಮೂರೋ.

ನನ್ನಜ್ಜಿಯ ಕತೆಯೊಂದರಲ್ಲಿ ಊರಬಾಗಿಲು ಕಾಯುವವಳೊಬ್ಬಳಿದ್ದಳು. ಒಳಗೆ ಬರುವ ಗಾಳಿಯನ್ನೂ ನಿಲ್ಲಿಸಿ, "ಯಾವ ಬೆಟ್ಟದಿಂದ ಬಂದೆ? ಸೆರಗಲ್ಲಿ ಯಾರನ್ನು ಕಟ್ಟಿಕೊಂಡು ಬಂದೆ?" ಎಂದು ಕೇಳುತ್ತಿದ್ದಳು. ಅವಳಿಗೆ ಹೆಸರಿರಲಿಲ್ಲ. ಈ ಕೋಣೆಯಲ್ಲಿ ಕೂತರೆ ಅವಳು ಪವಿತ್ರಾ ಅವರ ಊರು ಹಿರೇಕೊಡಿಗೆಯಿಂದ ಸ್ಕೂಟಿಯಲ್ಲಿ ಬರುತ್ತಾಳೆ ಅನ್ನಿಸುತ್ತದೆ.

ಪವಿತ್ರಾ ಅವರ ತಾಯಿ ಹೊನ್ನಕ್ಕ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಾರೆ. ಅದರಲ್ಲೇ ಮಗಳನ್ನು ಬಿಸಿಎ ಓದಿಸಿದರು. ಮಗಳ ಕೆಲಸ ಏನೆಂದು ಕೇಳಿದರೆ ನಗುತ್ತಾರೆ. "ಎಂತದೋ ಪಟ್ಟಿ ಓದ್ತಾಳೆ. ಓದಿ ಓದಿ ಬ್ಯಾಡ ಅಂತಾಳೆ. ಬ್ಯಾಡ ಅನ್ನಾಕೂ ಸಂಬ್ಳ ಕೊಡ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ." ಗುಡುಗಿನ ಮಳೆಗೆ ಅಣಬೆ ಎದ್ದಾಗ ಅವರೂ ಒಂದೊಂದನ್ನೇ ತಿರುಗಿಸಿ ಬುಡ ನೋಡುತ್ತಾರೆ. ಹೋದ ವರ್ಷ ಕಿತ್ತು ತಿಂದ ಜಾಗದ್ದೇ ಆದರೂ ಬಿಡುವುದಿಲ್ಲ.

ಮಗಳು ಒಮ್ಮೆ ಹಾಗೆ ತಿರುಗಿಸಿ ನೋಡಲಿಲ್ಲ. ಎರಡು ವರ್ಷದ ಹಿಂದೆ, ಕಡತಗಳ ಜಿಪ್ ಗಂಟು ಬಿಚ್ಚುವ ಪ್ಯಾಕೇಜಿನಲ್ಲಿ ಬಿರುಕು ಇದೆಯೆಂದು ಎಚ್ಚರಿಕೆ ಬಂತು. ತಮ್ಮ ತಂತ್ರಾಂಶ ಗಂಟು ಬಿಚ್ಚುವುದೇ ಇಲ್ಲ ಎಂದು ಪವಿತ್ರಾ "ನಮಗೆ ತಾಗದು" ಎಂದು ಬರೆದು, ಅಂದರೆ ಮಾಫಿ ಕೊಟ್ಟು, ಅದರ ಬಾಯಿ ಮುಚ್ಚಿಸಿದರು. ಆ ದಿನಕ್ಕೆ ಅದು ನಿಜವೇ. ನಾಲ್ಕು ತಿಂಗಳ ನಂತರ ಸಹೋದ್ಯೋಗಿ ಅಭಿಷೇಕ, ಯಾತ್ರೆಯ ಗುಂಪಿನವರು ಎಲ್ಲರ ಚೀಟಿಗಳನ್ನು ಒಂದೇ ಗಂಟಾಗಿ ಕಳಿಸುವ ಸೌಲಭ್ಯ ಸೇರಿಸಿದರು. ಬಾಯಿ ಮುಚ್ಚಿದ ಎಚ್ಚರಿಕೆ ಕೂಗಲಿಲ್ಲ.

"ಹನ್ನೊಂದು ದಿನ ಬಾಗ್ಲು ತೆಗ್ದೇ ಇತ್ತು. ದಾಖಲೆಯೆಲ್ಲ ಜಾಲಾಡಿದ್ವಿ, ಯಾರೂ ಬಂದಿರ್ಲಿಲ್ಲ. ಆದ್ರೂ ಊಟ ಸೇರ್ಲಿಲ್ಲ ನಂಗೆ." ರಾಜೀನಾಮೆ ಬರೆದುಕೊಂಡು ಹೋದರೆ, ಕಚೇರಿ ನಡೆಸುವ ಸಂದೇಶ ಅವರು ಅದನ್ನು ತೆಗೆದುಕೊಳ್ಳಲಿಲ್ಲ. "ಈ ತಪ್ಪು ಹೆಂಗಾಗ್ತದೆ ಅಂತ ಗೊತ್ತಿರೋದು ನಿಂಗೊಬ್ಳಿಗೇ. ನಿನ್ನನ್ನ ಕಳ್ಸಿ ನಾನೆಂತ ಮಾಡ್ಲಿ?" ಎಂದರು. ಅಂದಿನಿಂದ ಇಲ್ಲಿ ಯಾವ ಪ್ಯಾಕೇಜಿಗೂ ಕಾಯಂ ಮಾಫಿ ಇಲ್ಲ. ಪ್ರತಿ ಮಾಫಿಗೂ ಒಂದು ಕಾರಣ, ಮೂವತ್ತು ದಿನದ ಗಡುವು.

ಇಂದಿನ ಕೆಂಪು ಸಾಲು, ಹೊಸ ಆವೃತ್ತಿಗೆಂದೇ ತಂದ ಫೋಟೊ ಓದುವ ಪ್ಯಾಕೇಜಿನದು. ಬೇಕೆಂದೇ ಕೆಡಿಸಿದ ಒಂದು ಫೋಟೊ ಕಳಿಸಿದರೆ, ಹೊರಗಿನವರು ಉಳಿದವರ ಚೀಟಿಗಳನ್ನೂ ಓದಬಹುದು. ಬಿರುಕು ಮುಚ್ಚಿದ ಪ್ಯಾಕೇಜು ಬಂದಿದೆ. ಆದರೆ ಜೋಡಿಸಿ ಪರೀಕ್ಷಿಸಲು ಮೂರು ಗಂಟೆ ಬೇಕು.

ಏಳೂಕಾಲಿಗೆ ಸಂದೇಶ ಬರುತ್ತಾರೆ. "ಒಂದು ದಿನದ ಮಟ್ಟಿಗೆ ಮಾಫಿ ಬರೀಬೌದಾ?"

"ಕಾರಣ ಎಂತ ಅಂತ ಬರೀಲಿ? ಬರೋ ಫೋಟೊವೆಲ್ಲ ಅದ್ರ ಕೈಯಿಂದ್ಲೇ ಹೋಗ್ತದೆ."

ಅಷ್ಟರಲ್ಲಿ ದೊಡ್ಡ ಲಾಡ್ಜೊಂದರ ವ್ಯವಸ್ಥಾಪಕ ಮಹೇಶ್ವರ ಅವರ ಫೋನು.

"ಎಂತ ಮಾರಾಯ್ತಿ, ಮೂರು ಬಸ್ ಜನ ದಾರೀಲಿದಾರೆ. ನಾನು ಹೆಸ್ರು ಬರ್ಕಂಡು ಕೂರದಾ?"

"ಇವತ್ತು ಬೆಳಿಗ್ಗೆ ಮಟ್ಟಿಗೆ ಬರ್ಕಳಿ, ಮಹೇಶ್ವರಣ್ಣ."

"ಹುಳ ಇಲ್ಲದ ಅಕ್ಕಿ ಯಾವ ಊರಲ್ಲಿದೆ ಹೇಳು."

"ಇಲ್ಲ. ಆದ್ರೆ ಕಂಡ ಹುಳ ತೆಗೀದೆ ಬೇಯ್ಸದು ಹೆಂಗೆ?"

"ಹಿಂಗಾದ್ರೆ ನಾವು ಬೇರೆಯವ್ರನ್ನ ನೋಡ್ಕಳ್ತೀವಿ" ಎಂದು ಮಹೇಶ್ವರ ಫೋನು ಇಡುತ್ತಾರೆ. ಸಂದೇಶ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಅವರು ಪವಿತ್ರಾ ಕಡೆ ಒಮ್ಮೆ ನೋಡಿ, ಉಳಿದ ಹತ್ತು ಲಾಡ್ಜುಗಳಿಗೆ ತಾವೇ ಫೋನು ಹಚ್ಚಿ, ತಡವಾಗುತ್ತದೆ ಎಂದು ಹೇಳತೊಡಗುತ್ತಾರೆ.

ಮಂಜು ಕರಗಿ ಎದುರಿನ ಹೆಂಚುಗಳು ಒಂದೊಂದಾಗಿ ಕಾಣತೊಡಗುತ್ತವೆ. ಪರೀಕ್ಷೆ ಎರಡು ಸಲ ತಪ್ಪುತ್ತದೆ, ಮೂರನೆಯ ಸಲ ಸರಿಯಾಗುತ್ತದೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಹೊಸ ಆವೃತ್ತಿ ಹೊರಡುತ್ತದೆ. ಪರದೆಯ ಮೂಲೆಯಲ್ಲಿ ಮಹೇಶ್ವರ ಅವರ ಲಾಡ್ಜಿನ ಎದುರು, ಹೊಸದಾಗಿ ದಾಖಲಾದ ಯಾತ್ರಿಕರ ಅಂಕಿ ಮೂಡುತ್ತದೆ: ಒಂದು. ಆಮೇಲೆ ಎರಡು. ನೋಡುತ್ತಿದ್ದಂತೆ ಏಳು.

"ಯಾರು ಬಂದರು?" ಎಂದು ಕೇಳುತ್ತೇನೆ.

"ಗೊತ್ತಿಲ್ಲ. ಹೆಸ್ರು ನಂಗೂ ಕಾಣದ ಹಾಗೆ ನಾನೇ ಮುಚ್ಸಿದ್ದು."