ಬಲಗಡೆ ಬಿದ್ದ ಹೂವು

ನಮ್ಮ ಸೋದರಮಾವ ನಾಸ್ತಿಕ. ಹಾಗೆಂದು ದಿನಕ್ಕೆ ಹತ್ತು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಗಂಗಾವತಿ ಕಡೆ ಕಾಲುವೆಯ ತೂಬು ಕಾಯುವ ಕೆಲಸ ಅವನದು. ಕುಷ್ಟಗಿ ಹತ್ತಿರದ ನಮ್ಮೂರಿಗೆ ಬಂದಾಗ, ಊರೆಲ್ಲ ಒಪ್ಪತ್ತು ಇರುವ ಶನಿವಾರವನ್ನೇ ಆರಿಸಿಕೊಂಡು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದ. "ನೀರು ಬಿಡಾಂವ ನಾನು, ಕೀಲಿ ನನ್ನ ಕೈಯಾಗ ಐತಿ. ನಡುವ ಈ ದೇವರು ಯಾಂವ?" ಅನ್ನುತ್ತಿದ್ದ.

ನನಗೆ ಅವನನ್ನು ಕಂಡರೆ ತಾತ್ಸಾರ. ಪೂಜಾರಿ 'ಇದ್ದಾನೆ' ಎಂದು ಎಷ್ಟು ಜೋರಾಗಿ ಗಂಟೆ ಬಾರಿಸುತ್ತಿದ್ದನೋ ಅಷ್ಟೇ ಜೋರಾಗಿ ಮಾವ 'ಇಲ್ಲ' ಎಂದು ಬಾರಿಸುತ್ತಿದ್ದ. ಇವರಿಬ್ಬರಿಗೆ ಯಾರು ಬಂದು ಹೇಳಿದ್ದರು? ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗಷ್ಟೇ ಬಿ.ಎ. ಮುಗಿಸಿ, ಕಾಲೇಜಿನ ವಾಚನಾಲಯದ ಯಾವುದೋ ಪುಸ್ತಕದಿಂದ 'ಅಜ್ಞೇಯವಾದಿ' ಎಂಬ ಶಬ್ದವನ್ನೂ ಹೊತ್ತುಕೊಂಡು ಬಂದಿದ್ದೆ. ದೇವರಿಲ್ಲ ಅನ್ನುವವನು ನಾಸ್ತಿಕ; ಇದ್ದಾನೋ ಇಲ್ಲವೋ ಮನುಷ್ಯನಿಗೆ ತಿಳಿಯುವಂಥದ್ದಲ್ಲ ಅನ್ನುವವನು ಅಜ್ಞೇಯವಾದಿ. ಈ ವ್ಯತ್ಯಾಸ ಗೊತ್ತಿರುವವನು ಇಡೀ ತಾಲ್ಲೂಕಿಗೆ ನಾನೊಬ್ಬನೇ ಎಂಬ ಸೊಕ್ಕು. ಒಮ್ಮೆ ಮಾವನಿಗೂ ವಿವರಿಸಿದೆ. ಅವನು ಮಿರ್ಚಿಯ ತೊಟ್ಟು ಬಿಸಾಕಿ, "ಅಂದ್ರ ನೀ ಅಂಜುಬುರಕ ಅನ್ನು" ಅಂದ. ತಿಳಿಗೇಡಿ ಎಂದುಕೊಂಡು ನಕ್ಕೆ.

ಆ ವರ್ಷ ತಂಗಿ ಎಸ್ಸೆಸ್ಸೆಲ್ಸಿ ಪಾಸಾಗಿ, ಕೊಪ್ಪಳದಲ್ಲಿ ಟೀಚರ್ ಟ್ರೇನಿಂಗಿಗೆ ಸೀಟೂ ಪಡೆದಳು. ಅದೇ ವಾರ ಯಲಬುರ್ಗಿಯಿಂದ ಸಂಬಂಧ ಬಂತು. ಹುಡುಗ ಅರಳೆ ವ್ಯಾಪಾರದವನು. ಲಗ್ನವಾದ ಮೇಲೆ ಓದು ಗೀದು ಬೇಡ ಎಂದು ಮೊದಲೇ ಹೇಳಿ ಕಳಿಸಿದ್ದರು. ತಂಗಿ ಸೀಟಿನ ಕಾಗದವನ್ನು ಟ್ರಂಕಿನಿಂದ ತೆಗೆದು ನೋಡುವುದು, ಮತ್ತೆ ಮಡಚಿ ಇಡುವುದು. "ಅಣ್ಣಾ, ಅಪ್ಪ ನಿನ್ನ ಮಾತು ಕೇಳ್ತಾನ. ಒಂದು ಮಾತು ಹೇಳು" ಎಂದು ನನ್ನ ಕೈ ಹಿಡಿದುಕೊಂಡಳು. ಹೇಳುತ್ತೇನೆ ಎಂದೆ.

ಅಪ್ಪನಿಗೆ ಏನೂ ತೋಚದೆ, ಈ ಸಂಬಂಧ ಮಾಡುವುದೋ ಬೇಡವೋ ಎಂದು ಹನುಮಪ್ಪನಿಗೆ ಹೂ ಕೇಳೋಣ ಅಂದ. ನಮ್ಮ ಕಡೆ ಅದು ರೂಢಿ. ಪೂಜಾರಿ ಎರಡು ಹೂ ನೀರಲ್ಲಿ ಅದ್ದಿ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಆಗ ನಮ್ಮ ಮನೆಗೆ ಬಂದಿದ್ದ ಮಾವ ಕೆರಳಿಬಿಟ್ಟ. ಬೀಸುಕಲ್ಲಿನ ಮೇಲಿನ ಹೋಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ. ಎರಡು ಕಣಗಿಲೆ ಹೂ ಒದ್ದೆ ಮಾಡಿ ಅದಕ್ಕೆ ಅಂಟಿಸಿದ. ನೀರು ಕಡಿಮೆ ಹಚ್ಚಿದ ಹೂ ಮೊದಲು ಬಿತ್ತು. ನೀರಿನ ಹದ ಅದಲುಬದಲು ಮಾಡಿ ಹಚ್ಚಿದ, ಇನ್ನೊಂದು ಬಿತ್ತು. "ನೋಡ್ರಿ, ನಿಮ್ಮ ಬೀಸುಕಲ್ಲಪ್ಪನೂ ಮಾತಾಡ್ತಾನ! ಹುಡುಗಿ ಬಾಳಿನ ಸುದ್ದಿ ಇವನನ್ನೂ ಒಂದು ಮಾತು ಕೇಳ್ರಿ" ಅಂದ.

ಅಪ್ಪನ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿದ. "ನೀ ಓದಿದಾಂವ, ನೀ ಹೇಳಪ್ಪ. ಹೂವಿನಾಗ ದೇವರು ಮಾತಾಡ್ತಾನೋ ಇಲ್ಲೋ?"

ಬಾಗಿಲ ಮರೆಯಲ್ಲಿ ತಂಗಿ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ಅದು ಯಾರಿಗೂ ಗೊತ್ತಾಗೂದಲ್ಲಪ್ಪ. ಮಾತಾಡಿದ್ರೂ ಮಾತಾಡಬಹುದು" ಎಂದೆ. ಎಂಥ ತೂಕದ ಮಾತು ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಥೂ! ಈಗಲೂ ಅದನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

"ಮತ್ತ ಕೇಳಿದ್ರ ಏನು ಹೋಗ್ತೈತಿ?" ಅಂದ ಅಪ್ಪ.

ಮರುದಿನ ಬೆಳಿಗ್ಗೆ ಬಲಗಡೆಯ ಹೂ ಬಿತ್ತು. ಗುಡಿಯ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಮಾವನ ವ್ರತ. ದೇವರಿಲ್ಲದವನಿಗೂ ಒಂದು ವ್ರತ! ಹೊರಗೆ ನಿಂತು ಬೈಯುತ್ತಿದ್ದ, ಅಷ್ಟೇ. ನಾನು ಒಳಗಿದ್ದೆ. ಕೈ ಮುಗಿಯಲಿಲ್ಲ, ಆದರೆ ಪ್ರಸಾದ ಬಿಡಲಿಲ್ಲ, ಇದ್ದರೂ ಇರಬಹುದಲ್ಲ. ಮದುವೆಗೆ ಮಾವ ಬರಲಿಲ್ಲ. ನಾನು ಪಂಕ್ತಿಯಲ್ಲಿ ಓಡಾಡಿ ಹುಗ್ಗಿ ಬಡಿಸಿದೆ.

ಮುಂದೆ ನಾನೇ ಮಾಸ್ತರನಾದೆ. ಕೆಲವು ವರ್ಷಗಳ ಮೇಲೆ ಯಲಬುರ್ಗಿಗೆ ಹೋದಾಗ, ತಂಗಿಯ ಗಂಡನ ಮುಂದೆ ಊಟಕ್ಕೆ ಕೂತು ಅದೇ ಹಳೆಯ ಪಾಠ ಶುರು ಮಾಡಿದೆ. ನಾಸ್ತಿಕನಿಗೂ ಪೂಜಾರಿಗೂ ಇಲ್ಲದ ವಿನಯ ನನ್ನಂಥವನಿಗೆ ಇರುತ್ತದೆ ಎಂದೆ. ಅವನು ಆಕಳಿಸಿ ಕೈ ತೊಳೆಯಲು ಎದ್ದು ಹೋದ. ತಂಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಣ್ಣಾ, ಆವತ್ತು ಅಪ್ಪ ನಿನ್ನ ಕೇಳಿದ್ದು ದೇವರ ಸುದ್ದಿ ಅಲ್ಲ, ನನ್ನ ಸುದ್ದಿ. ನನಗ ಏನು ಬೇಕಾಗಿತ್ತು ಅನ್ನೋದೂ ನಿನಗ ಗೊತ್ತಿರಲಿಲ್ಲೇನು?"

ದೇವರ ವಿಷಯ ಗೊತ್ತಿಲ್ಲ ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಬೀಸುಕಲ್ಲಿನ ಹೂ ಯಾಕೆ ಬಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಟ್ರಂಕಿನೊಳಗಿನ ಕಾಗದವನ್ನೂ ಕಂಡಿದ್ದೆ.

"ಗೊತ್ತಿತ್ತು" ಅಂದೆ.

ಅವಳು ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕಿದಳು.