ತೊಟ್ಟಿಲಿನ ತಗಣಿ, ತಾಯಿಯ ತಪ್ಪು

ನನ್ನ ಅಕ್ಕನ ಎದೆಹಾಲು ಕೆಟ್ಟಿದೆ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದಾಗ ಅಕ್ಕನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬಾಣಂತನಕ್ಕೆಂದು ಶಹಾಪುರದ ನಮ್ಮ ಮನೆಗೆ ಬಂದಿದ್ದಳು. ಕೂಸಿನ ಕೆನ್ನೆ, ಕುತ್ತಿಗೆ, ಮುಂಗೈ ಮೇಲೆ ದಿನಾ ಬೆಳಿಗ್ಗೆ ಹೊಸ ಕೆಂಪು ಗುಳ್ಳೆಗಳು. ನಾವು ಆಯಿ ಎನ್ನುವ ಅಜ್ಜಿ ಒಮ್ಮೆ ನೋಡಿ, "ಹಾಲು ಉಷ್ಣ ಆಗ್ಯಾವ" ಎಂದಳು. ಮುಗಿಯಿತು. ಅಕ್ಕನ ತಾಟಿನಿಂದ ಮೊದಲು ಶೇಂಗಾದ ಚಟ್ನಿಪುಡಿ, ನಮ್ಮ ಹಿಂಡಿ, ಹೋಯಿತು, ಆಮೇಲೆ ಬದನೆಕಾಯಿ, ಆಮೇಲೆ ರೊಟ್ಟಿ. ಉಳಿದದ್ದು ಮೆತ್ತನೆಯ ಅನ್ನ, ಜೀರಿಗೆ ನೀರು. ಗುಳ್ಳೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ಸುರಪುರದಲ್ಲಿರುವ ಅವಳ ಅತ್ತೆಗೆ ಫೋನ್ ಹೋಯಿತು. ರವಿವಾರ ಹಾಲಿನ ಪುಡಿಯ ಡಬ್ಬಿ ತರುತ್ತೇನೆ, ಎದೆ ಬಿಡಿಸೋಣ ಎಂದರು ಅವರು. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಎದುರಿನವರು ಹೇಳಿದ್ದು ನಿಜವೇ ಆಗಿದ್ದರೆ ಇನ್ನೇನೇನು ನಿಜವಾಗಿರಬೇಕು ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಕೇಳಿದೆ.

"ಆಯಿ, ಹಾಲಿಂದ ಬರೋ ಗುಳ್ಳಿ ಮೈತುಂಬ ಬರಬೇಕಲ್ಲ? ಅಂಗಿ ಅರಬಿ ಮುಚ್ಚಿದಲ್ಲಿ ಒಂದೂ ಇಲ್ಲ. ಹಾಲು ಅರಬಿ ನೋಡಿಕೊಂಡು ಬರ್ತಾವೇನು?"

"ಬಂದ್ಳು ನೋಡ್ರಿ ವಕೀಲ್ತಿ. ಮೊದಲು ಹಡಿ, ಆಮ್ಯಾಲೆ ಬಂದು ವಾದ ಮಾಡು."

ಇದಕ್ಕೆ ಉತ್ತರ ಎನ್ನುವುದಿಲ್ಲ. ಬಾಯಿ ಮುಚ್ಚಿಸುವುದು ಎನ್ನುತ್ತಾರೆ.

ಗುಳ್ಳೆಗಳನ್ನು ನಾನೇ ಹತ್ತಿರದಿಂದ ನೋಡಿದೆ. ಕೌದಿಗೆ ಹೊಲಿಗೆ ಹಾಕಿದ ಹಾಗೆ ಒಂದರ ಹಿಂದೊಂದು, ಸಾಲಾಗಿ. ತೊಟ್ಟಿಲಿನ ಪಟ್ಟಿಗೆ ತಾಗಿದ ಕಡೆಗೇ ಹೆಚ್ಚು. ಆ ತೊಟ್ಟಿಲು ಕೆಂಭಾವಿಯ ಚಿಕ್ಕಮ್ಮನ ಮನೆಯದು. ಅದರಲ್ಲಿ ಮಲಗಿದ ಕೂಸುಗಳೆಲ್ಲ ಬದುಕಿ ಬಾಳಿವೆ ಎಂದು, ಬಳಗದಲ್ಲಿ ಯಾರು ಹೆತ್ತರೂ ಅದೇ ತೊಟ್ಟಿಲು ಅವರ ಮನೆಗೆ ಹೋಗುತ್ತದೆ. ಹೋದ ಮನೆಯಲ್ಲೆಲ್ಲ ಅರಿಶಿನ ಕುಂಕುಮ ಹಚ್ಚುತ್ತಾರೆ. ಬುಡಮೇಲು ಮಾಡಿ ಯಾರೂ ನೋಡುವುದಿಲ್ಲ.

ಒಂದು ಮಧ್ಯಾಹ್ನ ನಾನು ಅದನ್ನು ಅಂಗಳಕ್ಕೆ ಎಳೆದು ಬುಡಮೇಲು ಮಾಡಿದೆ. ಮೂಲೆಯ ಸಂದಿಗಳಲ್ಲಿ ಪೆನ್ನಿನ ಮೊನೆ ಊರಿದ ಹಾಗೆ ಕರಿ ಚುಕ್ಕಿಗಳು. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದು ಬಣ್ಣವಾಗಿ ಹರಡಿದವು. ಬಸ್ ಪಾಸನ್ನು ಸಂದಿಗೆ ತೂರಿಸಿ ಕೆರೆದೆ. ಮೊದಲು ಒಣಗಿದ ಪೊರೆಗಳು ಉದುರಿದವು, ಆಮೇಲೆ ಅಗಸೆ ಬೀಜದಂಥ ಚಪ್ಪಟೆ ಹುಳ. ತಿಗಣೆ, ನಮ್ಮ ಕಡೆಯ ತಗಣಿ. ಒತ್ತಿದರೆ ರಕ್ತ. ಅದು ಅಕ್ಕನ ಮಗಳ ರಕ್ತ. ವಾದ ಗೆದ್ದ ಖುಷಿ ಎಲ್ಲಿಯದು, ಸಿಕ್ಕ ಹುಳಗಳನ್ನು ಕಾಗದದಲ್ಲಿ ಕಟ್ಟಿಟ್ಟೆ.

ಅವ್ವ ನೋಡಿದಳು. ಮೊದಲು ಬಾಗಿಲು ಹಾಕಿದಳು.

"ಬೀಗತಿ ಬರೋ ಹೊತ್ತಿನ್ಯಾಗ ತಗಣಿ ಅಂತ ಬಾಯಿ ಬಿಟ್ಟೀ ಮತ್ತ. ಹೊಲಸು ಮನಿ ಅಂತಾರ."

ನನಗೆ ಆಗ ತಿಳಿಯಿತು. ತಗಣಿ ಎಂದರೆ ಮನೆಗೆಲ್ಲ ನಾಚಿಕೆ. ಹಾಲು ಕೆಟ್ಟರೆ ಒಬ್ಬಳಿಗೇ ನಾಚಿಕೆ. ಮನೆ ತನಗೆ ಅನುಕೂಲವಾದದ್ದನ್ನು ಆರಿಸಿಕೊಂಡಿತ್ತು. ತಗಣಿಗೆ ಸ್ವಚ್ಛ, ಹೊಲಸು ಎಂಬ ಭೇದವೇ ಇಲ್ಲ. ಬೆಚ್ಚಗಿನ ರಕ್ತ, ಅಡಗಲು ಒಂದು ಸಂದಿ, ಇಷ್ಟಿದ್ದರೆ ಸಾಕು.

ಹಾಗಾದರೆ ಗುಟ್ಟಾಗಿ ಮುಗಿಸೋಣ ಎಂದು ಕಾಕಾ ಮುಂದೆ ಬಂದರು. ಹತ್ತಿಗೆ ಹೊಡೆಯುವ ವಿಷದ ಬಾಟಲಿ ಕೈಯಲ್ಲೇ ಇತ್ತು. ನಮ್ಮಲ್ಲಿ ಅದನ್ನು ಎಣ್ಣಿ ಎನ್ನುತ್ತಾರೆ, ಅಡುಗೆಗೆ ಹಾಕುವ ಸಾಮಾನಿನ ಹಾಗೆ.

"ಹೊಲದಾಗಿನ ಹುಳಾನ ಉಳಿಯಂಗಿಲ್ಲ. ಇವ್ಯಾವ ಲೆಕ್ಕ?"

"ಕಾಕಾ, ಎಣ್ಣಿ ಹೊಡದ ಹೊಲಕ್ಕ ಎಮ್ಮಿ ಬಿಡ್ತೀರೇನು?"

"ಹುಚ್ಚೇನು ನಿನಗ? ಸತ್ತು ಹೋಗ್ತಾವ."

"ಮತ್ತ ಇದು ಕೂಸು ಮಲಗೋ ಖೋಲಿ."

ಕಾಕಾ ಬಾಟಲಿ ಎತ್ತಿಕೊಂಡು ಹೊರಗೆ ಹೋದರು. "ಇಕಿಗೆ ಓದಿಸಿದ್ದ ತಪ್ಪಾತು" ಎಂದದ್ದು ಬಾಗಿಲಾಚೆಯಿಂದ ಕೇಳಿತು.

ರವಿವಾರ ಅಕ್ಕನ ಅತ್ತೆ ಡಬ್ಬಿಯೊಂದಿಗೆ ಬಂದರು. ಚಹಾ ಕೊಟ್ಟು, ಪಕ್ಕದಲ್ಲೇ ಬಿಳಿ ಬಸಿಯಲ್ಲಿ ಸತ್ತ ಹುಳ ಇಟ್ಟೆ. ಅವ್ವ ಬೆನ್ನಿಗೆ ಚಿವುಟಿದಳು. ಅತ್ತೆ ಚಷ್ಮಾ ಏರಿಸಿ ನೋಡಿದರು.

"ತಗಣಿ. ಬಸ್ಸಿನ ಸೀಟಿನ್ಯಾಗೂ ಇರ್ತಾವ. ಇದಕ್ಯಾಕ ಇಷ್ಟು ಮುಚ್ಚುಮರಿ?" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಇರಲಿ, ಹೆಂಗೂ ಡಬ್ಬಿ ತಂದೀನಿ, ಎದಿ ಬಿಡಿಸಿದ್ರ ನಷ್ಟೇನಿಲ್ಲ" ಎಂದು ಸೇರಿಸಿದರು.

"ತಗಣಿ ತೊಟ್ಟಿಲದಾಗ ಅದಾವ್ರಿ, ಹಾಲಿನ್ಯಾಗಲ್ಲ" ಎಂದೆ.

ಅಷ್ಟು ದಿನ ತುಟಿ ಬಿಚ್ಚದಿದ್ದ ಅಕ್ಕ ಒಳಗಿನಿಂದ ಎದ್ದು ಬಂದು ಡಬ್ಬಿಯನ್ನು ಅತ್ತೆಯ ಚೀಲಕ್ಕೆ ವಾಪಸ್ ಇಟ್ಟಳು. "ಅವ್ವಾ, ಎರಡು ರೊಟ್ಟಿ ಕೊಡು. ಹಸಿವಾಗೈತಿ" ಎಂದಳು.

ಆ ದಿನ ಹಂಡೆಗಟ್ಟಲೆ ಕುದಿಯುವ ನೀರನ್ನು ತೊಟ್ಟಿಲಿನ ಒಂದೊಂದು ಸಂದಿಗೂ ಸುರಿದೆ. ಅರಗಿನ ಬಣ್ಣ ಸುಲಿದು ಬಂತು, ಆಯಿ ಅತ್ತಳು. ಕೌದಿ, ಬಟ್ಟೆ ಎಲ್ಲ ಕುದಿಸಿದೆವು, ಮಂಚ ಬಿಚ್ಚಿ ಅದರ ಸಂದಿಗಳಿಗೂ ಸುರಿದೆವು. ಮೊಟ್ಟೆ ಉಳಿದಿರುತ್ತವೆ ಎಂದು ಮುಂದಿನ ವಾರಗಳಲ್ಲೂ ಇದೇ ಕೆಲಸ. ಕೂಸನ್ನು ಆ ತೊಟ್ಟಿಲಿನಲ್ಲಿ ಮಲಗಿಸುವುದು ಬಿಟ್ಟ ಮೇಲೆ ಗುಳ್ಳೆ ಕಡಿಮೆಯಾಗುತ್ತ ಬಂದು ನಿಂತವು. ರೊಟ್ಟಿ, ಬದನೆಕಾಯಿ, ಹಿಂಡಿ ಎಲ್ಲ ತಿಂದ ಅಕ್ಕನ ಹಾಲನ್ನು ಕೂಸು ಕುಡಿಯುತ್ತಿದ್ದಾಗಲೇ ನಿಂತವು.

ಅವರ ಮನೆಯ ಮಂಚಗಳನ್ನೂ ನೋಡಿಕೊಳ್ಳಲಿ ಎಂದು ಕೆಂಭಾವಿಗೆ ಫೋನ್ ಮಾಡಿದೆ. ಎತ್ತಿದ್ದು ಚಿಕ್ಕಮ್ಮನ ಸೊಸೆ. ಎಲ್ಲ ಕೇಳಿದ ಮೇಲೆ ತನ್ನ ಮಗನ ಮಾತು ತೆಗೆದಳು. ಅವಳ ಮಗ ಈಗ ಶಾಲೆಗೆ ಹೋಗುತ್ತಾನೆ.

"ಅವಗೂ ಹಿಂಗ ಗುಳ್ಳಿ ಬರ್ತಿದ್ವು. ಎದಿ ಬಿಡಿಸಿದ್ರು. ಅಂದ್ರ, ನನ್ನ ಹಾಲು ಚಲೋ ಇದ್ವೇನು?"

"ಚಲೋ ಇದ್ವು" ಎಂದೆ.

ಅವಳ ಹಿಂದಿನಿಂದ ಚಿಕ್ಕಮ್ಮನ ದನಿ ಬಂತು: "ತೊಟ್ಟಿಲ ಬಣ್ಣ ಹೋತಂತಲ್ಲ, ಖರೇನ? ಕೇಳು."

"ಹೋಗೈತಿ ಅಂತ ಹೇಳ್ರಿ" ಎಂದೆ. "ಪೂರಾ ಹೋಗೈತಿ."