ಎರಡನೆಯ ಮೊರ

ಹಬೀಬ್ ತನ್ನ ಹೆಸರನ್ನು ‘ಅಬೀಬ್’ ಎಂದೇ ಹೇಳುತ್ತಿದ್ದ. ಬಂಗಾಳದಿಂದ ಬಂದ ಅವನು ಕನ್ನಡ ಕಲಿತದ್ದು ನಂಜನಗೂಡಿನ ನಮ್ಮ ಬೀದಿಯ ಹೆಂಗಸರ ಬಾಯಿಂದ. ಇನ್ನು ಹಕಾರ ಎಲ್ಲಿಂದ ಬರಬೇಕು? ಮೊಪೆಡ್ಡಿನ ಹಿಂದೆ ಅವನ ತಲೆಗಿಂತ ಎತ್ತರಕ್ಕೆ ಸೀರೆ, ಬೆಡ್‌ಶೀಟುಗಳ ಗಂಟು. ಬಣ್ಣ ಹೋಗುತ್ತದೇನಯ್ಯಾ ಎಂದರೆ, “ಮೊದುಲ್ನೇ ಒಗೆತಕ್ಕೆ ವಸಿ ಓಯ್ತದೆ ಕಣಕ್ಕಾ, ಸುಳ್ಳ್ಯಾಕೆ” ಎನ್ನುತ್ತಿದ್ದ. ಇವನೂ ಒಬ್ಬ ವ್ಯಾಪಾರಿಯೇ ಎಂದು ನಗುತ್ತಿದ್ದೆವು.

ಒಮ್ಮೆ ಗೌರಿಹಬ್ಬದ ಹಿಂದಿನ ದಿನ ಕೇಳಿದ: “ಎಲ್ಲಾರ್ ಮನೆಗೂ ಅಣ್ತಮ್ಮಂದ್ರು ಬಾಗಿನ ತತ್ತಾವ್ರೆ. ನಿಮ್ಗೆ ಯಾರಕ್ಕಾ ತರೋರು?”

ನನಗೆ ಒಡಹುಟ್ಟಿದವರಿಲ್ಲ, ಬಿಳಿಗೆರೆಯಲ್ಲಿದ್ದ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡರು ಎಂದೆ. ಮಾರನೆಯ ಬೆಳಿಗ್ಗೆ ತಿ. ನರಸೀಪುರದ ತನ್ನ ಬಾಡಿಗೆ ಕೋಣೆಯಿಂದ ಮೊಪೆಡ್ಡಿನಲ್ಲಿ ಬಾಗಿನ ತಂದ. ಒಂದೇ ಮೊರ, ಬಾಯಿ ತೆರೆದದ್ದು! ಅಕ್ಕಿ, ಬೇಳೆಯೆಲ್ಲ ದಾರಿಗೇ ಚೆಲ್ಲಿ, ಸೀರೆ, ಹಸಿರು ಬಳೆ ಮಾತ್ರ ಉಳಿದಿದ್ದವು. “ಮೇಲೆ ಮುಚ್ಚೋಕೆ ಇನ್ನೊಂದು ಮೊರ ಬೇಕು ಕಣೋ, ದಡ್ಡ” ಎಂದು ನಕ್ಕು, ಒಳಗೆ ಹೋಗಿ ಅತ್ತುಬಿಟ್ಟೆ.

ಮರುವರ್ಷ ಹಬ್ಬಕ್ಕೆ ಹತ್ತು ದಿನವಿರುವಾಗ ಮೂರ್ನಾಲ್ಕು ಜನ ನಮ್ಮ ಬೀದಿಯಲ್ಲೇ ಅವನನ್ನು ತಡೆದರು. ಯಾವ ದೇಶದವನೋ ನೀನು ಎಂದು ಗಂಟನ್ನು ನೆಲಕ್ಕೆ ಸುರಿದರು. ಅವನು ತೋರಿಸಿದ ಗುರುತಿನ ಕಾರ್ಡನ್ನು ಯಾರೂ ನೋಡಲಿಲ್ಲ. ಅವರಲ್ಲೊಬ್ಬ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೇಳಿದ: “ಏನಮ್ಮಾ, ಇವ್ನು ನಿಮ್ಗೆ ಏನಾಗ್ಬೇಕು?”

“ಸೀರೆ ಮಾರೋಕೆ ಬತ್ತಾನೆ, ಅಷ್ಟೇಯ.”

ಬೀದಿಗೆಲ್ಲ ಬಾಯಿ ಮಾಡುವವಳು ನಾನು. ಅಂದು ಹೆದರಿಬಿಟ್ಟೆ. ಹಬೀಬ್ ಮಣ್ಣಾದ ಸೀರೆಗಳನ್ನು ಒಂದೊಂದಾಗಿ ಕೊಡವಿ, ಮಡಿಸಿಕೊಂಡು ಹೋದ.

ಹಬ್ಬದ ಬೆಳಿಗ್ಗೆ ಬಾಗಿಲು ತೆರೆದರೆ ಜಗುಲಿಯ ಮೇಲೆ ಬಾಗಿನವಿತ್ತು. ಮೊರಕ್ಕೆ ಮೊರ ಮುಚ್ಚಿ, ದಾರ ಬಿಗಿಯಾಗಿ ಸುತ್ತಿತ್ತು. ಒಂದು ಕಾಳೂ ಚೆಲ್ಲಿರಲಿಲ್ಲ.

ಪೂಜೆಯನ್ನೂ ಬಿಟ್ಟು ತಿ. ನರಸೀಪುರದ ಬಸ್ಸು ಹತ್ತಿದೆ. ಕೇಳಿಕೊಂಡು ಹೋದರೆ ಅವನ ಕೋಣೆಗೆ ಬೀಗ ಬಿದ್ದಿತ್ತು. ಮನೆ ಯಜಮಾನರು ಹೊರಗೆ ಬಂದರು.

“ಬೆಳಿಗ್ಗೇನೆ ಊರು ಬುಟ್ಟ ಕಣವ್ವಾ. ಯಾವ ದೇಶದೋನೋ ಇವ್ನು, ಖಾಲಿ ಮಾಡ್ಸು ಅಂತ ಜನ ಇಲ್ಗೂ ಬಂದಿದ್ರು. ಗೊತ್ತಿರೋರು ಒಬ್ರು ಬಂದು ನಮ್ಮೋನು ಅಂದ್ರೆ ಸಾಕು, ಇಲ್ಲೇ ಇರು ಕಣ್ಲಾ ಅಂದಿದ್ದೆ. ನಂಜನಗೂಡ್ನಲ್ಲಿ ಅಕ್ಕ ಅವ್ರೆ, ಅವ್ರಿಗ್ಯಾಕೆ ತೊಂದ್ರೆ ಅಂದ.” ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಯಾರವ್ವಾ?”

“ಅವನ ಅಕ್ಕ” ಎಂದೆ. ಕೇಳಿಸಿಕೊಳ್ಳಲು ಅವನಿರಲಿಲ್ಲ.